ಜ್ವರ, ಕೆಮ್ಮು ಬಂದ ಕೂಡಲೇ ಫ್ಲೂ ಟೆಸ್ಟ್ ಬೇಕಾ? ಯಾರಿಗೆ ಬೇಕು, ಯಾರಿಗೆ ಬೇಡ? ಇಲ್ಲಿದೆ ಮಾಹಿತಿ

ಬಾಗಲಕೋಟೆ: "ಎರಡ ದಿನಾ ಆತ್ರಿ, ಜ್ವರ ಬಿಡವಲ್ದು. ಫ್ಲೂ ಟೆಸ್ಟ್ ಮಾಡಿಸೂಣೇನ್ರಿ?" ಹವಾ ಬದಲಾದಾಗಲೆಲ್ಲ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ನ ದವಾಖಾನೆಗಳಲ್ಲಿ, ಔಷಧಿ ಅಂಗಡಿಗಳ ಮುಂದೆ ಕೇಳಿಬರುವ ಮಾತಿದು. ಕೋವಿಡ್ ಬಂದು ಹೋದ ಮೇಲೆ ಟೆಸ್ಟ್ ಅನ್ನೋದು ಎಲ್ಲರ ಬಾಯಿಗೂ ಬಂದಿದೆ. ಟೆಸ್ಟ್ ಮಾಡಿಸಿದರೆ ಅರ್ಧ ಕಾಯಿಲೆ ಹೋದಂಗೆ ಅನ್ನುವ ಸಮಾಧಾನವೂ ಇದೆ.

ಆದರೆ ಋತುಮಾನದ ಫ್ಲೂ ವಿಷಯದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳುವುದೇ ಬೇರೆ. ಹೆಚ್ಚಿನ ಜನರಿಗೆ ಟೆಸ್ಟ್ ಬೇಕಿಲ್ಲ. ಬೇಕಾದ ಕೆಲವರಿಗೆ ಮಾತ್ರ ಕೂಡಲೇ ಬೇಕು. ಇನ್ನೂ ಕೆಲವರಿಗೆ ಟೆಸ್ಟ್‌ಗಿಂತ ಮೊದಲು ಗುಳಿಗೆ ಬೇಕು. ಈ ಮೂರರ ವ್ಯತ್ಯಾಸ ಗೊತ್ತಿಲ್ಲದೆ ಗಟ್ಟಿಮುಟ್ಟಾದ ಹುಡುಗರು ಲ್ಯಾಬ್‌ಗೆ ದುಡ್ಡು ಸುರಿಯುತ್ತಾರೆ. ಶುಗರ್ ಇರುವ ಅಜ್ಜ, ಬಸುರಿ ಹೆಣ್ಣುಮಗಳು "ಬರೇ ನೆಗಡಿ ಐತಿ ಬಿಡ್ರಿ" ಎಂದು ಮನೆಯಲ್ಲೇ ಉಳಿಯುತ್ತಾರೆ. ಹಾನಿ ಆಗುವುದು ಎರಡನೆಯದರಲ್ಲಿ.

ನಮ್ಮಲ್ಲಿ ಫ್ಲೂ ಯಾವಾಗ ಹೆಚ್ಚು?

ಫ್ಲೂ ಅಂದರೆ ಇನ್‌ಫ್ಲುಯೆಂಜಾ ವೈರಸ್‌ನಿಂದ ಬರುವ ಜ್ವರ. ಸಾದಾ ನೆಗಡಿ ಮೆಲ್ಲಗೆ ಶುರುವಾಗುತ್ತದೆ. ಫ್ಲೂ ಹಾಗಲ್ಲ, ಮುಂಜಾನೆ ಚಲೋ ಇದ್ದವರು ಸಂಜೆಗೆ ಹಾಸಿಗೆ ಹಿಡಿಯುತ್ತಾರೆ. ಜ್ವರ, ಒಣ ಕೆಮ್ಮು, ಗಂಟಲು ನೋವು, ತಲೆನೋವು, ಮೈಕೈ ನೋವು, ಸುಸ್ತು ಇದರ ಲಕ್ಷಣ. ಮಕ್ಕಳಿಗೆ ವಾಂತಿ, ಭೇದಿಯೂ ಆಗಬಹುದು.

ಭಾರತದಲ್ಲಿ ಪ್ರತಿ ವರ್ಷ ಎರಡು ಸಲ ಫ್ಲೂ ಏರುತ್ತದೆ. ಒಂದು ಜನವರಿಯಿಂದ ಮಾರ್ಚ್, ಇನ್ನೊಂದು ಮಳೆಗಾಲದ ನಂತರ. ನಮ್ಮ ಜಿಲ್ಲೆಗೆ ಇದನ್ನು ಹೊಂದಿಸಿ ನೋಡಿ. ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿ ಬನಶಂಕರಿ ಜಾತ್ರೆ, ಅಲ್ಲಿ ರಾತ್ರಿಯಿಡೀ ನಡೆಯುವ ಕಂಪನಿ ನಾಟಕ, ಕೂಡಲಸಂಗಮದ ಶರಣ ಮೇಳ ಎಲ್ಲವೂ ಜನವರಿಯ ಆಸುಪಾಸಿನಲ್ಲೇ ಬರುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಣಪತಿ ಹಬ್ಬ, ದಸರಾ. ಸಾವಿರಾರು ಜನ ಒತ್ತೊತ್ತಾಗಿ ಕೂಡುವ ದಿನಗಳು, ಫ್ಲೂ ಹರಡುವ ದಿನಗಳು ಎರಡೂ ಒಂದೇ ಆಗಿಬಿಡುತ್ತವೆ.

'ಹಂದಿಜ್ವರ' ಎಂಬ ಹೆಸರು ಕೇಳಿದರೆ ಈಗಲೂ ಜನ ಬೆಚ್ಚುತ್ತಾರೆ. 2009ರಲ್ಲಿ ಹೊಸದಾಗಿ ಬಂದ ಆ ಎಚ್1ಎನ್1 ವೈರಸ್‌ನ ಜಾಗತಿಕ ಪಿಡುಗು ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2010ರ ಆಗಸ್ಟ್ 10ರಂದು ಘೋಷಿಸಿತು. ಅಂದಿನಿಂದ ಅದೂ ಋತುಮಾನದ ಫ್ಲೂ ವೈರಸ್‌ಗಳಲ್ಲಿ ಒಂದಾಗಿ ಉಳಿದುಕೊಂಡಿದೆ. ಹಾಗಂತ ಹಗುರವೇನಲ್ಲ. 2015ರಲ್ಲಿ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಎಚ್1ಎನ್1 ಪ್ರಕರಣ ದಾಖಲಾಗಿ, 3 ಸಾವಿರದ ಹತ್ತಿರ ಜನ ತೀರಿಕೊಂಡರು.

ಎ, ಬಿ, ಸಿ: ಮೂರು ಗುಂಪು ನೆನಪಿಡಿ

ಸಚಿವಾಲಯದ ಮಾರ್ಗಸೂಚಿ ರೋಗಿಗಳನ್ನು ಮೂರು ಗುಂಪು ಮಾಡುತ್ತದೆ. ಟೆಸ್ಟ್ ಬೇಕೋ ಬೇಡವೋ ಅನ್ನೋದು ಇದರ ಮೇಲೆಯೇ ನಿಂತಿದೆ.

ಎ ಗುಂಪು: ಸಣ್ಣ ಜ್ವರ, ಕೆಮ್ಮು ಅಥವಾ ಗಂಟಲು ನೋವು. ಜೊತೆಗೆ ಮೈಕೈ ನೋವು, ತಲೆನೋವು, ವಾಂತಿ, ಭೇದಿ ಇರಬಹುದು, ಇಲ್ಲದಿರಬಹುದು. ಇವರಿಗೆ ಟೆಸ್ಟ್ ಬೇಡ, ಫ್ಲೂ ಗುಳಿಗೆಯೂ ಬೇಡ. ಮನೆಯಲ್ಲಿ ವಿಶ್ರಾಂತಿ, ಬಿಸಿ ಗಂಜಿ, ಸಾಕಷ್ಟು ನೀರು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. 24ರಿಂದ 48 ತಾಸಿನೊಳಗೆ ಹೇಗಿದ್ದಾರೆ ಅಂತ ಮತ್ತೊಮ್ಮೆ ನೋಡಬೇಕು.

ಬಿ ಗುಂಪು: ಇದರಲ್ಲಿ ಎರಡು ಬಗೆ. ಒಂದು, ಎ ಗುಂಪಿನ ಲಕ್ಷಣದ ಜೊತೆ ಜೋರು ಜ್ವರ, ತೀವ್ರ ಗಂಟಲು ನೋವು ಇರುವವರು. ಎರಡು, ಲಕ್ಷಣ ಸಣ್ಣದೇ ಇದ್ದರೂ ಅಪಾಯ ಹೆಚ್ಚಿರುವವರು. ಅಂದರೆ ಚಿಕ್ಕ ಮಕ್ಕಳು, ಗರ್ಭಿಣಿಯರು, 65 ದಾಟಿದವರು, ಶುಗರ್, ಹೃದಯ, ಕಿಡ್ನಿ, ಲಿವರ್, ಶ್ವಾಸಕೋಶದ ತೊಂದರೆ ಇರುವವರು, ಕ್ಯಾನ್ಸರ್ ಅಥವಾ ಎಚ್‌ಐವಿ ಇರುವವರು, ಬಹಳ ದಿನದಿಂದ ಸ್ಟೀರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿರುವವರು. ಇವರಿಗೂ ಟೆಸ್ಟ್ ಕಡ್ಡಾಯವಲ್ಲ. ಆದರೆ ಡಾಕ್ಟರರನ್ನು ಕಾಣುವುದು ಕಡ್ಡಾಯ. ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿಯನ್ನು ರಿಪೋರ್ಟ್ ಇಲ್ಲದೆಯೇ ಶುರು ಮಾಡಲು ಡಾಕ್ಟರರಿಗೆ ಮಾರ್ಗಸೂಚಿಯಲ್ಲಿ ಅವಕಾಶವಿದೆ.

ಸಿ ಗುಂಪು: ಇದೇ ಲಕ್ಷಣಗಳ ಜೊತೆ ಉಸಿರಾಟದ ತೊಂದರೆ, ಎದೆನೋವು, ಮಂಪರು, ಬಿಪಿ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು. ಮೊದಲೇ ಇದ್ದ ಕಾಯಿಲೆ ಉಲ್ಬಣಿಸಿದರೂ ಇದೇ ಗುಂಪು. ಇವರಿಗೆ ಟೆಸ್ಟ್ ಬೇಕು, ದವಾಖಾನೆಗೆ ದಾಖಲಾತಿ ಬೇಕು, ಚಿಕಿತ್ಸೆ ಕೂಡಲೇ ಬೇಕು. ಮೂರೂ ಒಟ್ಟಿಗೇ ನಡೆಯಬೇಕು, ಒಂದು ಮುಗಿದ ಮೇಲೆ ಇನ್ನೊಂದು ಅಲ್ಲ.

ರಿಪೋರ್ಟ್‌ಗಾಗಿ ಕಾಯಬಾರದು ಏಕೆ?

ಒಸೆಲ್ಟಾಮಿವಿರ್ ಹೆಚ್ಚು ಕೆಲಸ ಮಾಡುವುದು ಲಕ್ಷಣ ಕಾಣಿಸಿಕೊಂಡ 48 ತಾಸಿನೊಳಗೆ ಶುರು ಮಾಡಿದಾಗ. ಮೊದಲ ದಿನ "ನಾಳೆ ನೋಡೂಣು", ಎರಡನೇ ದಿನ ಲ್ಯಾಬ್, ಮೂರನೇ ದಿನ ರಿಪೋರ್ಟ್ ಅಂತ ಹೋದರೆ ಆ ವೇಳೆ ಕಳೆದೇ ಹೋಯಿತು. ತೀವ್ರ ಸ್ಥಿತಿಯಲ್ಲಿರುವವರಿಗೆ ತಡವಾಗಿಯಾದರೂ ಔಷಧಿ ಕೊಡುತ್ತಾರೆ, ಆದರೆ ಬೇಗ ಕೊಟ್ಟಷ್ಟು ಒಳ್ಳೆಯದು.

2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದದ್ದನ್ನು ನೋಡಿ. ಆ ವರ್ಷ ಎಚ್3ಎನ್2 ಫ್ಲೂ ಜೋರಾಗಿತ್ತು. ಅದರಿಂದ ಕರ್ನಾಟಕದಲ್ಲಿ ಒಬ್ಬರು, ಹರಿಯಾಣದಲ್ಲಿ ಒಬ್ಬರು ತೀರಿಕೊಂಡಿದ್ದಾರೆಂದು ಮಾರ್ಚ್ 10ರಂದು ಕೇಂದ್ರ ಸರ್ಕಾರ ತಿಳಿಸಿತು. ಕರ್ನಾಟಕದವರು ಹಾಸನ ಜಿಲ್ಲೆಯ, 80 ದಾಟಿದ ಹಿರಿಯರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಫೆಬ್ರವರಿ 24ಕ್ಕೆ ಆಸ್ಪತ್ರೆ ಸೇರಿದ್ದರು, ಮಾರ್ಚ್ 1ಕ್ಕೆ ತೀರಿಕೊಂಡರು. ಅದು ಎಚ್3ಎನ್2 ಎಂದು ಲ್ಯಾಬ್‌ನಿಂದ ಖಚಿತವಾಗಿದ್ದು ಮಾರ್ಚ್ 6ಕ್ಕೆ.

ಇಲ್ಲಿ ಯಾರದೂ ತಪ್ಪು ಹುಡುಕಬೇಕಿಲ್ಲ. ಗಮನಿಸಬೇಕಾದ್ದು ತಾರೀಖುಗಳನ್ನು. ರಿಪೋರ್ಟ್ ಬರುವ ಮೊದಲೇ ಕಾಯಿಲೆ ತನ್ನ ಕೆಲಸ ಮುಗಿಸಬಹುದು. ಆದರೆ ವಯಸ್ಸು, ಶುಗರ್, ಬಿಪಿ ಇವು ಮೊದಲ ದಿನವೇ ಮನೆಯವರಿಗೆ ಗೊತ್ತಿರುವ ಸಂಗತಿ. ಡಾಕ್ಟರರ ಮುಂದೆ ಮೊದಲು ಹೇಳಬೇಕಾದ್ದು ಅದನ್ನೇ: "ಅಜ್ಜಗ 70 ವರ್ಷ ರೀ, ಶುಗರ್ ಐತಿ, ನಿನ್ನೆ ಸಂಜಿಯಿಂದ ಜ್ವರ, ಈ ಗುಳಿಗಿ ತಗೋತಾರ." ಇಷ್ಟು ಮಾತು ಯಾವ ರಿಪೋರ್ಟ್‌ಗಿಂತ ಕಡಿಮೆ ಅಲ್ಲ. ನಿತ್ಯ ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯನ್ನೂ ಒಯ್ಯಿರಿ.

ಅದೇ ಹೇಳಿಕೆಯಲ್ಲಿ ಇನ್ನೊಂದು ಅಂಕಿಯೂ ಇತ್ತು. ಆ ವರ್ಷ ಜನವರಿ 2ರಿಂದ ಮಾರ್ಚ್ 5ರವರೆಗೆ ಇಡೀ ದೇಶದಲ್ಲಿ ದೃಢಪಟ್ಟ ಎಚ್3ಎನ್2 ಪ್ರಕರಣ 451 ಮಾತ್ರ. ಕೆಮ್ಮುತ್ತಿದ್ದವರು ಅಷ್ಟೇ ಜನ ಅಂತ ಇದರ ಅರ್ಥವಲ್ಲ. ಬಹುತೇಕರು ಟೆಸ್ಟ್ ಇಲ್ಲದೆಯೇ ಗುಣವಾದರು. ಟೆಸ್ಟ್ ಆದವರ ಲೆಕ್ಕ ಮಾತ್ರ ಪಟ್ಟಿಗೆ ಬರುತ್ತದೆ.

ರಕ್ತ ಕೊಟ್ಟರೆ ಫ್ಲೂ ಗೊತ್ತಾಗುತ್ತದೆಯೇ?

ಇಲ್ಲ. ಜನ ಹೆಚ್ಚಾಗಿ ತಪ್ಪು ತಿಳಿದಿರುವುದು ಇದನ್ನೇ. ಫ್ಲೂ ಪತ್ತೆ ಮಾಡುವುದು ಮೂಗು, ಗಂಟಲಿನಿಂದ ಕಡ್ಡಿಯಲ್ಲಿ ತೆಗೆದ ಸ್ವ್ಯಾಬ್‌ನಿಂದ, ರಕ್ತದಿಂದಲ್ಲ. ರಕ್ತಕಣಗಳ ಎಣಿಕೆ ನೋಡುವ ಸಿಬಿಸಿ ಟೆಸ್ಟ್ ಬೇರೆ ಕಾರಣಕ್ಕೆ ಡಾಕ್ಟರರಿಗೆ ಬೇಕಾಗಬಹುದು. ಆದರೆ 'ಇದು ಫ್ಲೂ' ಅಂತ ಅದು ಹೇಳುವುದಿಲ್ಲ.

ಸ್ವ್ಯಾಬ್ ಟೆಸ್ಟ್‌ನಲ್ಲೂ ಮುಖ್ಯವಾಗಿ ಎರಡು ಬಗೆ.

ರ‍್ಯಾಪಿಡ್ ಟೆಸ್ಟ್: 15ರಿಂದ 30 ನಿಮಿಷದಲ್ಲಿ ಫಲಿತಾಂಶ. ಪಾಸಿಟಿವ್ ಬಂದರೆ ಬಹುತೇಕ ನಂಬಬಹುದು. ನೆಗೆಟಿವ್ ಬಂದರೆ ನಂಬುವುದು ಕಷ್ಟ. ಸಾಮಾನ್ಯವಾಗಿ ಇದು ಫ್ಲೂ ಇರುವ 10 ಜನರಲ್ಲಿ 5ರಿಂದ 7 ಜನರನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ನೆಗೆಟಿವ್ ಬಂತು ಅಂತ ಶುಗರ್ ಇರುವ ಅವ್ವನ ಔಷಧಿ ನಿಲ್ಲಿಸುವುದು ಸರಿಯಲ್ಲ.

ಆರ್‌ಟಿ-ಪಿಸಿಆರ್: ಹೆಚ್ಚು ಖಚಿತ. ಯಾವ ತಳಿ ಎಂಬುದನ್ನೂ ತಿಳಿಯಬಹುದು. ಆದರೆ ಸ್ವ್ಯಾಬನ್ನು ವಿಶೇಷ ದ್ರಾವಣದಲ್ಲಿಟ್ಟು, ತಣ್ಣಗಿರುವಂತೆ ನೋಡಿಕೊಂಡು ಲ್ಯಾಬ್‌ಗೆ ಕಳಿಸಬೇಕು. ಊರಿಂದ ಊರಿಗೆ ಹೋಗಿ ರಿಪೋರ್ಟ್ ಬರುವಷ್ಟರಲ್ಲಿ ವೇಳೆ ಹಿಡಿಯುತ್ತದೆ. ಮಾದರಿ ಕೊಡುವುದಿದ್ದರೆ ಕಾಯಿಲೆ ಶುರುವಾದ ಮೊದಲ ಮೂರು ನಾಲ್ಕು ದಿನದೊಳಗೆ ಕೊಟ್ಟರೆ ಉತ್ತಮ.

ಕೆಲವೊಮ್ಮೆ ಸರ್ಕಾರಿ ದವಾಖಾನೆಯಲ್ಲಿ ಸಣ್ಣ ಜ್ವರ ಇದ್ದವರ ಸ್ವ್ಯಾಬ್ ತೆಗೆಯುವುದುಂಟು. ಯಾವ ವೈರಸ್ ಓಡಾಡುತ್ತಿದೆ ಎಂದು ತಿಳಿಯಲು ಇಲಾಖೆ ಮಾಡುವ ನಿಗಾ ಕೆಲಸ ಅದು. "ನನಗೇನೋ ದೊಡ್ಡದಾಗೇತಿ" ಎಂದು ಹೆದರಬೇಕಿಲ್ಲ.

ಟೆಸ್ಟ್ ನಿಜಕ್ಕೂ ಬೇಕಾಗುವುದು ಯಾವಾಗ?

ರಿಪೋರ್ಟ್‌ನಿಂದ ಮುಂದಿನ ಚಿಕಿತ್ಸೆ ಬದಲಾಗುವುದಿದ್ದರೆ ಟೆಸ್ಟ್ ಬೇಕು. ಬದಲಾಗುವುದಿಲ್ಲ ಅಂದರೆ ಬೇಡ. ಆ ಲೆಕ್ಕದಲ್ಲಿ ಇವರಿಗೆ ಟೆಸ್ಟ್ ಅಗತ್ಯ ಬೀಳುತ್ತದೆ:

1. ಸಿ ಗುಂಪಿನವರು, ಅಂದರೆ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ದಾಖಲಾದವರು.

2. ಅಪಾಯ ಹೆಚ್ಚಿರುವವರಲ್ಲಿ ಫ್ಲೂ ಇರಬಹುದೋ, ಬೇರೇನೋ ಎಂದು ಡಾಕ್ಟರರಿಗೆ ಸಂಶಯ ಬಂದಾಗ. ಆಗಲೂ ಔಷಧಿ ಶುರು ಮಾಡಿಯೇ ರಿಪೋರ್ಟ್‌ಗೆ ಕಾಯಬಹುದು.

3. ಹಾಸ್ಟೆಲ್, ವಸತಿ ಶಾಲೆ, ವೃದ್ಧಾಶ್ರಮದಂಥ ಕಡೆ ಒಮ್ಮೆಲೇ ಹಲವರಿಗೆ ಜ್ವರ ಬಂದಾಗ. ಎಲ್ಲರದೂ ಬೇಕಿಲ್ಲ, ಕೆಲವರ ಮಾದರಿ ಸಾಕು. ಇಂಥದ್ದು ಕಂಡರೆ ವಾರ್ಡನ್‌ಗಳು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಬೇಕು.

4. ಸತ್ತ ಅಥವಾ ಕಾಯಿಲೆ ಬಿದ್ದ ಕೋಳಿ, ಹಕ್ಕಿಗಳನ್ನು ಮುಟ್ಟಿದವರಿಗೆ ಕೆಲವೇ ದಿನಗಳಲ್ಲಿ ಜ್ವರ, ಕೆಮ್ಮು ಬಂದರೆ. ಕೋಳಿ ಫಾರ್ಮ್, ಚಿಕನ್ ಅಂಗಡಿಯವರು ಇದನ್ನು ಡಾಕ್ಟರರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಡೆಂಗಿ, ಟೈಫಾಯ್ಡ್ ಆಗಿದ್ದರೆ?

ಈ ಪ್ರಶ್ನೆ ಸರಿಯಾದದ್ದೇ. ಮಳೆಗಾಲದ ನಂತರ ಫ್ಲೂ, ಡೆಂಗಿ ಎರಡೂ ಒಟ್ಟಿಗೇ ಇರುತ್ತವೆ. ಒಂದು ಸುಳಿವು ಹೀಗಿದೆ: ಫ್ಲೂನಲ್ಲಿ ಕೆಮ್ಮು, ಗಂಟಲು ನೋವು ಎದ್ದು ಕಾಣುತ್ತದೆ. ಕೆಮ್ಮು, ನೆಗಡಿ ಏನೂ ಇಲ್ಲದೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ, ಹೊಟ್ಟೆನೋವು, ಬಿಡದ ವಾಂತಿ ಇದ್ದರೆ ಡೆಂಗಿ ಸಂಶಯ ಪಡಬೇಕು. ಇಲ್ಲಿ ರಕ್ತ ಪರೀಕ್ಷೆ ಬೇಕೇ ಬೇಕು. ಮೊದಲ ಐದು ದಿನದೊಳಗೆ ಎನ್‌ಎಸ್1, ಅದರ ನಂತರ ಐಜಿಎಂ ಟೆಸ್ಟ್ ಉಪಯೋಗಕ್ಕೆ ಬರುತ್ತದೆ. ಚಳಿ ನಡುಕದ ಜ್ವರ ಬಂದು ಹೋಗಿ ಮಾಡುತ್ತಿದ್ದರೆ ಮಲೇರಿಯಾಕ್ಕೂ ರಕ್ತ ನೋಡಿಸಬೇಕು. ಡೆಂಗಿ ಇರಬಹುದಾದ ಜ್ವರದಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಬೇಡ, ಪ್ಯಾರಾಸಿಟಮಾಲ್ ಮಾತ್ರ. ಮಕ್ಕಳಿಗಂತೂ ಯಾವ ವೈರಲ್ ಜ್ವರದಲ್ಲೂ ಆಸ್ಪಿರಿನ್ ಕೊಡಬಾರದು.

ಟೈಫಾಯ್ಡ್‌ಗೆ ಮಾಡುವ ವಿಡಾಲ್ ಟೆಸ್ಟ್‌ನ ಕಥೆ ಬೇರೆ. ಜ್ವರ ಬಂದ ಎರಡನೇ ದಿನವೇ ಅದನ್ನು ಮಾಡಿಸಿದರೆ ಅರ್ಥವಿಲ್ಲ. ವಾರವಾದರೂ ಆಗಬೇಕು. ಹಿಂದೆಂದೋ ಟೈಫಾಯ್ಡ್ ಆಗಿದ್ದರೂ, ಬೇರೆ ಸೋಂಕಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಫ್ಲೂ ಇದ್ದವರು ವಿಡಾಲ್ ರಿಪೋರ್ಟ್ ನಂಬಿ ವಾರಗಟ್ಟಲೆ ಆಂಟಿಬಯಾಟಿಕ್ ನುಂಗಿದರೆ ಫ್ಲೂಗೆ ಏನೂ ಆಗುವುದಿಲ್ಲ. ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ. 2023ರ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘವೂ ಇದನ್ನೇ ಹೇಳಿತ್ತು. ಜ್ವರ ಮೂರು ದಿನದಲ್ಲಿ ಇಳಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಇರಬಹುದು, ಸುಮ್ಮಸುಮ್ಮನೆ ಅಜಿತ್ರೋಮೈಸಿನ್, ಅಮಾಕ್ಸಿಕ್ಲಾವ್ ತೆಗೆದುಕೊಳ್ಳಬೇಡಿ ಎಂಬುದು ಅದರ ಸಲಹೆಯಾಗಿತ್ತು.

ಕಲ್ಲು ಕೆಲಸದವರು, ಕೆಮ್ಮು ನಿಲ್ಲದವರು ಗಮನಿಸಿ

ಇಳಕಲ್ ಅಂದರೆ ಸೀರೆ, ಜೊತೆಗೆ ಕೆಂಪು ಗ್ರಾನೈಟ್. ಕಲ್ಲು ಕೊರೆಯುವ, ಕತ್ತರಿಸುವ, ಪಾಲಿಶ್ ಮಾಡುವ ಕಡೆ ಏಳುವ ಸಣ್ಣ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶ ಮೊದಲೇ ಬಲ ಕಳೆದುಕೊಂಡಿರಬಹುದು. ನಡೆದರೆ ದಮ್ಮು ಬರುವ ಇಂಥ ಕೆಲಸಗಾರರಿಗೆ ಫ್ಲೂ ಬಂದರೆ, ವಯಸ್ಸು 40 ಇದ್ದರೂ ಬಿ ಗುಂಪೆಂದೇ ತಿಳಿದು ಡಾಕ್ಟರರನ್ನು ಕಾಣಬೇಕು. ಬೀಡಿ, ಸಿಗರೇಟಿನಿಂದ ಶ್ವಾಸಕೋಶ ಕೆಟ್ಟವರಿಗೂ ಇದೇ ಮಾತು.

ಕೆಮ್ಮು ಎರಡು ವಾರ ದಾಟಿದರೆ ಫ್ಲೂ ಟೆಸ್ಟ್ ಅಲ್ಲ, ಕ್ಷಯರೋಗದ ಕಫ ಪರೀಕ್ಷೆ ಮಾಡಿಸಬೇಕು. ಸಿಲಿಕಾ ಧೂಳಿನಲ್ಲಿ ದುಡಿಯುವವರಿಗೆ ಕ್ಷಯದ ಅಪಾಯ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. "ಫ್ಲೂ ಕೆಮ್ಮು, ತಾನ ಹೋಗತೈತಿ" ಅಂತ ಎರಡು ವಾರದಾಚೆಗೆ ಎಳೆಯಬೇಡಿ.

ಅಂಗಡಿಕಾರರಿಗೆ

ಕೆಲಸದ ಹುಡುಗನಿಗೆ ಜ್ವರ ಬಂದರೆ "ನೆಗೆಟಿವ್ ರಿಪೋರ್ಟ್ ತಗೊಂಡು ಬಾ" ಅನ್ನುವ ಅಗತ್ಯವಿಲ್ಲ. ಫ್ಲೂ ಇದ್ದವರು ಲಕ್ಷಣ ಶುರುವಾಗುವ ಒಂದು ದಿನ ಮೊದಲಿನಿಂದ ಸುಮಾರು ಐದರಿಂದ ಏಳು ದಿನ ಬೇರೆಯವರಿಗೆ ಹರಡಬಹುದು. ಜ್ವರದ ಗುಳಿಗೆ ಇಲ್ಲದೆಯೇ 24 ತಾಸು ಜ್ವರ ಬರದಿದ್ದರೆ ಕೆಲಸಕ್ಕೆ ಕರೆಯಬಹುದು. ಕೆಮ್ಮು ಇನ್ನೂ ಇದ್ದರೆ ಕೆಲ ದಿನ ಮಾಸ್ಕ್ ಹಾಕಿಕೊಳ್ಳಲಿ. ಎರಡು ದಿನದ ಪಗಾರ ಹಿಡಿಯುತ್ತಾರೆಂದು ಹೆದರಿ ಜ್ವರದಲ್ಲೇ ಗಲ್ಲಾದ ಮುಂದೆ ನಿಂತವನು ಹತ್ತು ಗಿರಾಕಿಗಳಿಗೆ ಹಂಚುತ್ತಾನೆ. ಅವರಲ್ಲಿ ಒಬ್ಬರ ಮನೆಯಲ್ಲಿ ಬಾಣಂತಿ, ಹಸುಗೂಸು ಇರಬಹುದು.

ಔಷಧಿ ಅಂಗಡಿಯವರಿಗೆ ಗೊತ್ತಿರುವುದೇ ಆದರೂ ಗಿರಾಕಿಗಳಿಗೆ ಗೊತ್ತಿರಲಿ: ಒಸೆಲ್ಟಾಮಿವಿರ್ 'ಶೆಡ್ಯೂಲ್ ಎಚ್1' ಔಷಧಿ. ಡಾಕ್ಟರರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು. ಚೀಟಿ ಕೇಳಿದರೆ ಸಿಟ್ಟಾಗಬೇಡಿ.

ಲ್ಯಾಬ್ ಖರ್ಚಿನ ಬಗ್ಗೆ

ಲ್ಯಾಬ್‌ಗೆ ಹೋಗುವ ಮೊದಲು ಡಾಕ್ಟರರಿಗೆ ಒಂದು ಮಾತು ಕೇಳಿ: "ಈ ರಿಪೋರ್ಟ್ ಬಂದ ಮ್ಯಾಲ ಔಷಧಿ ಬದಲಾಗತೈತೇನ್ರಿ?" ಒಳ್ಳೆಯ ಡಾಕ್ಟರರು ಇದಕ್ಕೆ ಬೇಸರಪಡುವುದಿಲ್ಲ. ಬೇಕು ಅಂದರೆ ಯಾಕೆ ಬೇಕು ಅಂತ ಹೇಳುತ್ತಾರೆ. ಡಾಕ್ಟರರನ್ನು ಕಾಣದೆ ನೇರ ಲ್ಯಾಬ್‌ಗೆ ಹೋಗಿ 'ಜ್ವರದ ಪ್ಯಾಕೇಜ್' ಮಾಡಿಸುವುದರಿಂದ ದುಡ್ಡೂ ಹೋಗುತ್ತದೆ, ವೇಳೆಯೂ ಹೋಗುತ್ತದೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ದವಾಖಾನೆ, ಲ್ಯಾಬ್‌ಗಳು ತಮ್ಮ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಇಡಬೇಕು. ಕಾಣದಿದ್ದರೆ ಕೇಳಿ. ಡೆಂಗಿ ಹೆಚ್ಚಾದಾಗ 2024ರ ಜುಲೈನಲ್ಲಿ ರಾಜ್ಯ ಸರ್ಕಾರ ದರವನ್ನೇ ನಿಗದಿ ಮಾಡಿತ್ತು. ಎನ್‌ಎಸ್1 ಎಲೈಸಾಗೆ 300 ರೂ., ಐಜಿಎಂ ಎಲೈಸಾಗೆ 300 ರೂ., ರ‍್ಯಾಪಿಡ್ ಕಾರ್ಡ್ ಟೆಸ್ಟ್‌ಗೆ 250 ರೂ. ಇದಕ್ಕಿಂತ ಬಹಳ ಹೆಚ್ಚು ಕೇಳಿದರೆ ಯಾಕೆಂದು ಪ್ರಶ್ನಿಸಬಹುದು.

ಈ ಲಕ್ಷಣ ಕಂಡರೆ ತಡ ಬೇಡ

ದೊಡ್ಡವರಲ್ಲಿ: ಕುಳಿತಲ್ಲೇ ಏದುಸಿರು, ಎದೆನೋವು, ಮಾತು ತಡವರಿಸುವುದು, ಮಂಪರು, ಮೂತ್ರ ತೀರಾ ಕಡಿಮೆಯಾಗುವುದು, ತುಟಿ ಅಥವಾ ಉಗುರು ನೀಲಿಯಾಗುವುದು. ಇಳಿದಿದ್ದ ಜ್ವರ ಮತ್ತೆ ಜೋರಾಗಿ ಬಂದು ಕೆಮ್ಮು ಹೆಚ್ಚಾದರೆ ನ್ಯುಮೋನಿಯಾ ಇರಬಹುದು. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ ನೋಡಿ, 94ಕ್ಕಿಂತ ಕೆಳಗಿದ್ದರೆ ಕೂಡಲೇ ಹೊರಡಿ.

ಮಕ್ಕಳಲ್ಲಿ: ಎದೆಹಾಲು, ನೀರು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆಯುವುದು. ಮಗು ಶಾಂತವಾಗಿದ್ದಾಗ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಮಗು 50 ಅಥವಾ ಹೆಚ್ಚು, 1ರಿಂದ 5 ವರ್ಷದ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ದವಾಖಾನೆಗೆ ಒಯ್ಯಬೇಕು. 2 ತಿಂಗಳೊಳಗಿನ ಕೂಸಿಗೆ ಯಾವುದೇ ಜ್ವರ ಬಂದರೂ ಕಾಯಬಾರದು.

ಬಾದಾಮಿ, ಹುನಗುಂದ, ಇಳಕಲ್ ಕಡೆಯವರು ಮೊದಲು ತಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಲಿ. ಆಕ್ಸಿಜನ್ ಹಚ್ಚಿ, ಅಗತ್ಯ ಬಿದ್ದರೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಗೋ ಇನ್ನೂ ದೊಡ್ಡ ಆಸ್ಪತ್ರೆಗೋ ಅಲ್ಲಿಂದಲೇ ಕಳಿಸುತ್ತಾರೆ. ಹಳ್ಳಿಯಿಂದ ನೇರ ದೂರದ ಊರಿಗೆ ಬಾಡಿಗೆ ಗಾಡಿಯಲ್ಲಿ ಹೊರಟು ದಾರಿಯಲ್ಲಿ ಉಸಿರು ಕಟ್ಟುವುದಕ್ಕಿಂತ 108ಕ್ಕೆ ಫೋನ್ ಮಾಡುವುದು ಲೇಸು. ಹೋಗಬೇಕೋ ಬೇಡವೋ ಎಂಬ ಸಂಶಯವಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು.

ಫ್ಲೂಗೆ ಲಸಿಕೆಯೂ ಇದೆ. ವೈರಸ್ ಬದಲಾಗುತ್ತಿರುವುದರಿಂದ ಪ್ರತಿ ವರ್ಷ ಹಾಕಿಸಬೇಕು. ಮನೆಯಲ್ಲಿ ಗರ್ಭಿಣಿಯರು, ವಯಸ್ಸಾದವರು, ಶುಗರ್ ಅಥವಾ ದಮ್ಮು ಇರುವವರು ಇದ್ದರೆ ಸೀಸನ್ ಶುರುವಾಗುವ ಮೊದಲೇ ಡಾಕ್ಟರರನ್ನು ವಿಚಾರಿಸಿ. ಅಂಥವರ ಪಟ್ಟಿ ಈಗಲೇ ನಿಮ್ಮ ತಲೆಯಲ್ಲಿರಲಿ. ಜ್ವರ ಬಂದ ದಿನ ಮೊದಲು ದವಾಖಾನೆಗೆ ಹೋಗಬೇಕಾದವರು ಅವರೇ. ಉಳಿದವರು ಎರಡು ದಿನ ಮನೆಯಲ್ಲಿ ಮಲಗಿ, ಗಂಜಿ ಕುಡಿದು, ಮೈಮೇಲೆ ನಿಗಾ ಇಟ್ಟರೆ ಸಾಕು.